ದೊಡ್ಡಮ್ಮನಿಗೆ ಬೆಂಗಳೂರು ಒಗ್ಗಬೇಕಾದ್ರೆ

ಅಕ್ಕ, ನಿಮ್ಮ ಮೆಸೇಜ್ ಪೂರ್ತಿ ಓದಿದೆ. ದೊಡ್ಡಪ್ಪ ಹೋದ ಮೇಲೆ ದೊಡ್ಡಮ್ಮನ್ನ ಸಾಗರದಿಂದ ನಿಮ್ಮ ಫ್ಲ್ಯಾಟಿಗೆ ಕರ್ಕೊಂಡು ಬಂದು ಮೂರು ವಾರ ಆಯ್ತು, ಊಟ ಸೇರ್ತಿಲ್ಲ, ರಾತ್ರಿ ಎದ್ದು ಕೂರ್ತಾರೆ, ಲಿಫ್ಟ್ ಅಂದ್ರೆ ಹೆದರ್ತಾರೆ, ದಿನಾ "ನನ್ನ ಊರಿಗೆ ಬಿಟ್ಬಿಡಿ" ಅಂತಾರೆ, ಹೊಂದ್ಕೊಳ್ಳೋ ಹಾಗೆ ಮಾಡೋದು ಹೇಗೆ ಅಂತ ಕೇಳಿದ್ದೀರಿ. ಸ್ವಲ್ಪ ಉದ್ದ ಆಗುತ್ತೆ, ಭಾವನಿಗೂ ಕೇಳಿಸಿ.

ನಮ್ಮ ಕಣ್ಣಿಗೆ ಆಗಿರೋದು ಒಂದೇ ಬದಲಾವಣೆ, ಮನೆ ಬದಲಾಯ್ತು ಅಷ್ಟೆ. ದೊಡ್ಡಮ್ಮನಿಗೆ ಏಳೆಂಟು ಒಟ್ಟಿಗೇ ಬಂದು ಬಿದ್ದಿವೆ. 1967ರಲ್ಲಿ ಅಮೆರಿಕದ ಹೋಮ್ಸ್, ರಾಹೆ ಅನ್ನೋ ಇಬ್ಬರು ಮನೋವೈದ್ಯರು ಬದುಕಿನ ಘಟನೆಗಳಿಗೆ ಒತ್ತಡದ ಅಂಕ ಹಾಕಿ ಒಂದು ಪಟ್ಟಿ ಮಾಡಿದ್ರು. ಅದರಲ್ಲಿ ವಾಸದ ಮನೆ ಬದಲಾಗೋದಕ್ಕೆ ಬರೀ 20. ಆದ್ರೆ ಬದುಕೋ ವಾತಾವರಣಕ್ಕೆ 25, ದಿನದ ಅಭ್ಯಾಸಕ್ಕೆ 24, ದೇವರು-ದಿಂಡರಿಗೆ 19, ಜನರ ಒಡನಾಟಕ್ಕೆ 18, ನಿದ್ದೆಗೆ 16, ಊಟಕ್ಕೆ 15. ಕೂಡಿಸಿ, 137 ಆಗುತ್ತೆ. ಸಂಗಾತಿ ಹೋಗಿದ್ದಕ್ಕೆ 100 ಸೇರಿಸಿದ್ರೆ 237. ಅಂಕಗಳು ಅಂದಾಜಿನವು, ಅಲ್ಲಿನ ಜನರನ್ನ ನೋಡಿ ಮಾಡಿದ್ದು. ಆದ್ರೆ ಇದರಿಂದ ನಮಗೊಂದು ದಾರಿ ಸಿಗುತ್ತೆ. ದೊಡ್ಡಪ್ಪನ್ನ ವಾಪಸ್ ತರೋಕಾಗಲ್ಲ, ಮನೆಯನ್ನ ಹೊತ್ತು ತರೋಕಾಗಲ್ಲ. ಊಟ, ನಿದ್ದೆ, ಅಭ್ಯಾಸ, ಮಾತುಕತೆ ಇವನ್ನ ಊರಲ್ಲಿದ್ದ ಹಾಗೇ ಇಡಬಹುದು. ಹೊಂದ್ಕೊಳ್ಳೋ ಕೆಲಸದಲ್ಲಿ ಅರ್ಧ ಮನೆಯವರದ್ದು, ಎಲ್ಲಾ ಅವರ ಮೇಲೇ ಹಾಕ್ಬೇಡಿ.

ಅದಕ್ಕೂ ಮುಂಚೆ ರಾತ್ರಿ ವಿಷಯ. ಎದ್ದು ಸುಮ್ನೆ ಕೂರೋದು ಬೇರೆ. ಇದ್ದಕ್ಕಿದ್ದ ಹಾಗೆ ಯಾರು ಏನು ಅಂತ ಗೊತ್ತಾಗದೆ ಮಾತಾಡೋದು, ಬೆಳಿಗ್ಗೆ ಸರಿ ಇದ್ದು ಸಂಜೆ ಗೊಂದಲ ಆಗೋದು, ಹಗಲೆಲ್ಲ ಮಂಪರಲ್ಲಿರೋದು ಬೇರೆ. ಅದು ಊರಿನ ನೆನಪಲ್ಲ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಯೋದು, ನಾಲ್ಕೈದು ದಿನದ ಮಲಬದ್ಧತೆ, ಹೊಸದಾಗಿ ಕೊಟ್ಟ ನಿದ್ದೆ ಮಾತ್ರೆ, ಇವುಗಳಲ್ಲಿ ಯಾವುದರಿಂದಲೂ ಆಗಬಹುದು. ಅಂಥದ್ದು ಕಂಡ್ರೆ ಅವತ್ತೇ ಡಾಕ್ಟರ ಹತ್ರ ಕರ್ಕೊಂಡು ಹೋಗಿ, "ಹೊಸ ಜಾಗ ಅಲ್ವಾ" ಅಂತ ಕಾಯ್ಬೇಡಿ.

ಮಾತ್ರೆಯಲ್ಲಿ ಇನ್ನೊಂದು ಅಪಾಯ ಇದೆ. ಬೆಂಗಳೂರಿನ ಡಾಕ್ಟರು ಅದೇ ಬಿಪಿ ಔಷಧಿಯನ್ನ ಬೇರೆ ಕಂಪನಿ ಹೆಸರಲ್ಲಿ ಬರೆದಿರ್ತಾರೆ, ಸಾಗರದಿಂದ ತಂದ ಸ್ಟ್ರಿಪ್ಪೂ ಡಬ್ಬಿಯಲ್ಲಿ ಇರುತ್ತೆ. ಬಣ್ಣ ಬೇರೆ, ಆಕಾರ ಬೇರೆ, ಹಾಗಾಗಿ ಎರಡನ್ನೂ ನುಂಗಿಬಿಡ್ತಾರೆ. ತಲೆ ಸುತ್ತಿ ಬೀಳೋದು ಹೀಗೆ. ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿರೋ ಔಷಧಿ ಹೆಸರು ನೋಡಿ, ಒಂದೇ ಆಗಿದ್ರೆ ಡಾಕ್ಟರಿಗೆ ತೋರಿಸಿ ಹಳೇದನ್ನ ತೆಗೆದಿಡಿ.

ಮಂಚ ಹೇಗೆ ಹಾಕಿದ್ದೀರಿ? ಸಾಗರದ ಮನೇಲಿ ಅವರು ಯಾವ ಮಗ್ಗುಲಿಗೆ ಇಳಿತಿದ್ರೋ ಇಲ್ಲೂ ಆ ಮಗ್ಗುಲೇ ಖಾಲಿ ಇರಲಿ. ನಿದ್ದೆಗಣ್ಣಲ್ಲಿ ಕಾಲು ಹಳೇ ದಾರಿಯನ್ನೇ ಹುಡುಕುತ್ತೆ, ಗೋಡೆ ಅಡ್ಡ ಬಂದ್ರೆ ಮುಗ್ಗರಿಸ್ತಾರೆ. ಮಂಚದಿಂದ ಬಾತ್‌ರೂಮಿನ ತನಕ ಮೊಣಕಾಲಿಗಿಂತ ಕೆಳಗೆ ಬೆಳಕು ಬೀಳೋ ಹಾಗೆ ಸಣ್ಣ ದೀಪ ಹಾಕಿ. ಜಾರೋ ಕಾಲೊರಸು ತೆಗೀರಿ, ಕಮೋಡ್ ಪಕ್ಕ ಹಿಡಿಕೆ ಹಾಕಿಸಿ, ಚಿಲಕ ಹೊರಗಿಂದಲೂ ತೆಗೆಯೋಕೆ ಬರಲಿ. ನಿದ್ದೆಗೆ ಬೆಳಿಗ್ಗೆ ಒಂಬತ್ತರ ಒಳಗೆ ಅರ್ಧ ಗಂಟೆ ಹೊರಗಿನ ಬೆಳಕು ಬೇಕು, ಕಿಟಕಿ ಗಾಜಿನ ಒಳಗಿನದ್ದು ಸಾಲಲ್ಲ. ಮಧ್ಯಾಹ್ನ ಅರ್ಧ ಗಂಟೆ ಮಲಗಲಿ, ಮೂರರ ಮೇಲೆ ಬೇಡ. ಕೊನೇ ಕಾಫಿನೂ ಅಷ್ಟರೊಳಗೇ ಆಗಲಿ.

ಊಟ. ನೀವೆಲ್ಲ ಆಫೀಸಿಂದ ಬಂದು ಒಂಬತ್ತೂವರೆಗೆ ಉಣ್ತೀರಿ. ಅವರ ಹೊಟ್ಟೆ ಏಳೂವರೆಗೆ ಹಸಿದು, ಒಂಬತ್ತಕ್ಕೆ ಹಸಿವು ಸತ್ತಿರುತ್ತೆ. ಅವರಿಗೆ ಏಳೂವರೆಗೇ ಬಡಿಸಿ, ಯಾರಾದ್ರೂ ಒಬ್ಬರು ಜೊತೆಗೆ ಕೂತ್ಕೊಳ್ಳಿ. ಸಾಗರದಿಂದಲೇ ಅಕ್ಕಿ ತರಿಸಿ, ತಂಬುಳಿ ಮಾಡಿ. ಅಪ್ಪೆಮಿಡಿ ಉಪ್ಪಿನಕಾಯಿ ಇರಲಿ, ಬಿಪಿ ಇರೋದ್ರಿಂದ ದಿನಕ್ಕೊಂದು ಹೋಳು ಸಾಕು. ವಾರಕ್ಕೊಂದು ಸಲ ತೂಕ ನೋಡಿ ಬರೆದಿಡಿ. 50 ಕೆ.ಜಿ. ಇದ್ದವರು ಒಂದೆರಡು ತಿಂಗಳಲ್ಲಿ ಎರಡೂವರೆ ಕೆ.ಜಿ. ಇಳಿದ್ರೆ ಡಾಕ್ಟರಿಗೆ ಹೇಳಲೇಬೇಕು.

ಲಿಫ್ಟ್ ಬಗ್ಗೆ ಬೈದು, ನಗಾಡಿ ಪ್ರಯೋಜನ ಇಲ್ಲ. ಹಂತ ಹಂತವಾಗಿ ರೂಢಿ ಮಾಡಿಸಬೇಕು. ಮೊದಲೆರಡು ದಿನ ಬಾಗಿಲ ಮುಂದೆ ನಿಂತು ತೆಗೆಯೋದು, ಮುಚ್ಚೋದು ನೋಡಲಿ. ಆಮೇಲೆ ಒಳಗೆ ಹೋಗಿ, ಬಾಗಿಲು ತೆರೆದಿರುವಾಗಲೇ ಹೊರಗೆ ಬರಲಿ. ಆಮೇಲೆ ಒಂದು ಮಹಡಿ, ಮತ್ತೆ ಮೂರು, ಆಮೇಲೆ ಕೆಳಗಿನ ತನಕ. ಗುಂಡಿಯನ್ನ ಅವರೇ ಒತ್ತಲಿ, ನಿಮ್ಮ ಮಹಡಿ ಗುಂಡಿಗೆ ಒಂದು ಕೆಂಪು ಸ್ಟಿಕ್ಕರ್ ಅಂಟಿಸಿ. ಭಯ ಜಾಸ್ತಿ ಇದ್ದಾಗಲೇ ಬಿಟ್ಟು ಬಂದ್ರೆ "ತಪ್ಪಿಸ್ಕೊಂಡಿದ್ದಕ್ಕೇ ಬದುಕಿದೆ" ಅಂತ ಮನಸ್ಸು ಕಲಿತು, ಮುಂದಿನ ಸಲ ಭಯ ಹೆಚ್ಚಾಗುತ್ತೆ. ಅದೇ ಹಂತದಲ್ಲಿ ಕೈ ಹಿಡಿದು ನಿಂತು, ಎದೆಬಡಿತ ಇಳಿದ ಮೇಲೆ ಹೊರಗೆ ಬನ್ನಿ. ಮೂಗಿಂದ ನಾಲ್ಕು ಎಣಿಸೋ ತನಕ ಉಸಿರು ತಗೊಂಡು ಆರು ಎಣಿಸೋ ತನಕ ನಿಧಾನ ಬಿಡೋದನ್ನ ಮನೇಲಿ ದಿನಾ ಐದು ನಿಮಿಷ ಮಾಡಿಸಿ, ಅಲ್ಲಿ ಉಪಯೋಗಕ್ಕೆ ಬರುತ್ತೆ. ಲಿಫ್ಟ್ ರೂಢಿಯಾದ್ರೆ ಕೆಳಗಿನ ಕಟ್ಟೆ, ಜನ, ಬಿಸಿಲು ಮೂರೂ ಸಿಗುತ್ತೆ. ಅದಕ್ಕೇ ಇದಕ್ಕೆ ಇಷ್ಟು ಒತ್ತಿ ಹೇಳ್ತಿರೋದು.

"ನೀವು ಸುಮ್ನೆ ಕೂತ್ಕೊಳ್ಳಿ, ಎಲ್ಲಾ ನಾವು ಮಾಡ್ತೀವಿ" ಅನ್ನೋದು ಪ್ರೀತಿಯಿಂದಲೇ, ನನಗೆ ಗೊತ್ತು. ಆದ್ರೆ ಅಷ್ಟು ವರ್ಷ ಮನೆ ನಡೆಸಿದವರಿಗೆ ಅದು ಕೆಲಸದಿಂದ ತೆಗೆದು ಹಾಕಿದ ಹಾಗೆ. ಅವರು ಮಾಡದಿದ್ರೆ ನಿಂತು ಹೋಗೋ ಒಂದು ಕೆಲಸ ಕೊಡಿ. ಬೆಳಗಿನ ದೇವರ ದೀಪ, ಹೂಬತ್ತಿ, ಬಾಲ್ಕನಿಯ ತುಳಸಿ, ನಾಳೆ ಏನು ಅಡುಗೆ ಅನ್ನೋ ತೀರ್ಮಾನ. 1976ರಲ್ಲಿ ಅಮೆರಿಕದ ಲ್ಯಾಂಗರ್, ರೋಡಿನ್ ಅನ್ನೋ ಸಂಶೋಧಕಿಯರು ಒಂದು ವೃದ್ಧಾಶ್ರಮದಲ್ಲಿ ಇದನ್ನೇ ನೋಡಿದ್ರು. ಸಣ್ಣಪುಟ್ಟ ವಿಷಯ ತಾವೇ ನಿರ್ಧಾರ ಮಾಡಿ, ಒಂದು ಗಿಡ ತಾವೇ ನೋಡ್ಕೊಂಡವರು ಹೆಚ್ಚು ಚುರುಕಾಗಿ, ಖುಷಿಯಾಗಿ ಇದ್ರು.

"ಊರಿಗೆ ಬಿಡಿ" ಅಂದಾಗ "ಅಲ್ಲಿ ಈಗ ಯಾರಿದ್ದಾರೆ" ಅನ್ಬೇಡಿ. ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. "ತುಂಬಾ ನೆನಪಾಗ್ತಿದೆಯಾ" ಅಂತ ಕೇಳಿ, ಹೇಳೋದನ್ನ ಪೂರ್ತಿ ಕೇಳಿ. ಆಮೇಲೆ ಕ್ಯಾಲೆಂಡರಲ್ಲಿ ಒಂದು ತಾರೀಖು ಗುರುತು ಹಾಕಿ, ಅವತ್ತು ಕರ್ಕೊಂಡು ಹೋಗಿ ಒಂದು ವಾರ ಇದ್ದು ಬನ್ನಿ. "ನೋಡೋಣ, ಮುಂದೆ ಹೋಗೋಣ" ಅನ್ನೋ ಮಾತೇ ಹೆಚ್ಚು ಸುಸ್ತು ಮಾಡೋದು. ತಾರೀಖು ತಪ್ಪಿಸೋದಾದ್ರೆ ಹೇಳಲೇಬೇಡಿ, ಒಂದು ಸಲ ನಂಬಿಕೆ ಹೋದ್ರೆ ಆಮೇಲೆ ಏನು ಹೇಳಿದ್ರೂ ನಾಟಲ್ಲ.

ಭಾವ, ಸಾಗರದ ಮನೆ ಮಾರೋ ಮಾತು, ಬಾಡಿಗೆ ಕೊಡೋ ಮಾತು ಒಂದು ವರ್ಷ ಎತ್ತಬೇಡಿ. ವಾರಕ್ಕೊಮ್ಮೆ ಯಾರಾದ್ರೂ ಬಾಗಿಲು ತೆಗೆದು ಗುಡಿಸಲಿ, ಸಾಕು. ಪೆನ್ಷನ್ ಖಾತೆನೂ ಈಗಲೇ ಇಲ್ಲಿಗೆ ಬದಲಾಯಿಸೋ ಗಡಿಬಿಡಿ ಬೇಡ. ಪೆನ್ಷನ್ನಿಗೆ ನವೆಂಬರಲ್ಲಿ ಕೊಡಬೇಕಾದ ಜೀವಿತ ಪ್ರಮಾಣಪತ್ರಕ್ಕೆ ಜೀವನ್ ಪ್ರಮಾಣ್ ಅನ್ನೋ ಸರ್ಕಾರದ ಆನ್‌ಲೈನ್ ವ್ಯವಸ್ಥೆ ಇದೆ, ಮೊಬೈಲಲ್ಲಿ ಮುಖ ತೋರಿಸಿ ಮಾಡಬಹುದು. ಅವರ ಪೆನ್ಷನ್ನಿಗೆ ಅದು ನಡೆಯುತ್ತಾ ಅಂತ ಬ್ಯಾಂಕಿಗೆ ಒಂದು ಫೋನ್ ಮಾಡಿ ಕೇಳ್ಕೊಳ್ಳಿ.

ಎರಡು ವಾರ ಬಿಡದೆ ಮಂಕಾಗಿದ್ರೆ, ಮೊಮ್ಮಕ್ಕಳ ಮಾತೂ ಬೇಡ ಅನ್ನಿಸಿದ್ರೆ ಮಾನಸಿಕ ವೈದ್ಯರಿಗೆ ತೋರಿಸಿ. "ನನ್ನ ಜೀವ ಸಾಕು" ಅಂತ ಒಂದೇ ಸಲ ಅಂದ್ರೂ ಎರಡು ವಾರ ಲೆಕ್ಕ ಹಾಕ್ಬೇಡಿ, ಒಂಟಿಯಾಗಿ ಬಿಡದೆ ಅವತ್ತೇ ಕರ್ಕೊಂಡು ಹೋಗಿ. ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ನೋಡ್ಕೊಳ್ತಿರೋ ನಿಮಗೆ ಸುಸ್ತಾದ್ರೂ ಅದೇ ನಂಬರಿಗೆ ಮಾಡಿ ಅಕ್ಕ. ಇವತ್ತು ಮೊದಲು ಆ ಮಾತ್ರೆ ಡಬ್ಬಿ ತೆಗೆದು ನೋಡಿ, ಎಲ್ಲಾ ಸ್ಟ್ರಿಪ್ಪಿನ ಹಿಂಭಾಗದ ಫೋಟೋ ನನಗೆ ಬೇರೆಯಾಗಿ ಕಳಿಸಿ.