ಸ್ಟ್ರೆಚಿ ರ‍್ಯಾಪ್‌ನಲ್ಲಿ ಕೂಸು ಕೆಳಗೆ ಜಾರುತ್ತಿದೆ, ಬೆನ್ನೂ ನೋಯುತ್ತಿದೆ. ಬಟ್ಟೆ ಸರಿಯಿಲ್ಲವೋ, ಕಟ್ಟುವ ರೀತಿಯೋ?

ಕೇಶ್ವಾಪುರದ ಬಾಣಂತಿ:

ಎಲ್ಲರಿಗೂ ನಮಸ್ಕಾರ. ಮಗನಿಗೆ ಎರಡೂವರೆ ತಿಂಗಳು, ತೂಕ 5 ಕೆಜಿ. ಸಂಜೆಯಾದರೆ ಸಾಕು, ಕೆಳಗೆ ಮಲಗಿಸಿದ ಕೂಡಲೇ ಅಳು. ಜೋಳಿಗೆಯಲ್ಲಿ ಹಾಕಿ ತೂಗಿದರೂ ಅಷ್ಟೇ. ಎತ್ತಿಕೊಂಡರೆ ಮಾತ್ರ ಸುಮ್ಮನಾಗುತ್ತಾನೆ. ಅದಕ್ಕೇ ನಾದಿನಿ ತನ್ನ ಸ್ಟ್ರೆಚಿ ರ‍್ಯಾಪ್ ಕೊಟ್ಟಿದ್ದಾಳೆ. ಕೂಸನ್ನು ಮೈಗೆ ಸುತ್ತಿ ಕಟ್ಟಿಕೊಳ್ಳುವ, ಹಿಗ್ಗುವ ಹೊಸೈರಿ ಬಟ್ಟೆ, 5 ಮೀಟರ್ ಉದ್ದ, ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲ. ಲೇಬಲ್ ಕಿತ್ತುಹೋಗಿದೆ.

ಯೂಟ್ಯೂಬ್ ನೋಡಿ ಕಟ್ಟಿಕೊಳ್ಳುತ್ತಿದ್ದೇನೆ. ಮೊದಲು ಚೆನ್ನಾಗಿಯೇ ಇರುತ್ತದೆ. ಓಣಿಯ ತುದಿಯವರೆಗೆ ಹೋಗಿ ಬರುವಷ್ಟರಲ್ಲಿ ಕೂಸು ಹೊಕ್ಕಳ ಹತ್ತಿರ ಇಳಿದಿರುತ್ತದೆ. ಬೆನ್ನು ಬಾಗಿ ಗದ್ದ ಎದೆಗೆ ತಾಗುತ್ತದೆ. ಕಾಲು ಜೋತು ಬೀಳುತ್ತವೆ. ನನಗೆ ಹೆಗಲು, ಸೊಂಟ ಎರಡೂ ನೋವು. ಗಂಟು ಬಿಚ್ಚಿ ಮತ್ತೆ ಬಿಗಿ ಮಾಡಿದರೂ ಅದೇ ಕಥೆ. ಅತ್ತೆಯವರಂತೂ "ಕೂಸಿನ ಕಾಲು ಸೊಟ್ಟ ಆಗ್ತಾವ, ತಗಿ ಅದನ್ನ" ಅನ್ನುತ್ತಿದ್ದಾರೆ.

ಬಟ್ಟೆಯೇ ಹಳತಾಗಿ ಸಡಿಲವಾಗಿದೆಯಾ? ಬೇರೆ ರೀತಿ ಕಟ್ಟಬಹುದಾ? ಅಡ್ಡ ಮಲಗಿಸಿಕೊಳ್ಳುವುದು, ಬೆನ್ನಿಗೆ ಕಟ್ಟಿಕೊಳ್ಳುವುದು ಇವೆಲ್ಲ ಆಗುತ್ತಾ? ಬೆನ್ನಿಗಾದರೆ ಅಡುಗೆಮನೆ ಕೆಲಸವೂ ಆಗುತ್ತಿತ್ತು.

ಗದಗಿನ ಅಕ್ಕ:

ತಂಗಿ, ಮೊದಲು ಒಂದು ಮಾತು. ಗದ್ದ ಎದೆಗೆ ತಾಗಿದ್ದು ಕಂಡರೆ ಓಣಿ ಮುಗಿಯಲಿ ಅಂತ ಕಾಯಬೇಡ. ಅಲ್ಲೇ ನಿಂತು ಹೊರಗೆ ತೆಗೆ. ಆ ವಯಸ್ಸಿನ ಕೂಸಿನ ಕತ್ತಿಗೆ ಬಲ ಇರುವುದಿಲ್ಲ. ತಲೆ ಮುಂದೆ ಬಾಗಿದರೆ ಉಸಿರಿನ ದಾರಿ ಕಿರಿದಾಗುತ್ತದೆ, ಅತ್ತು ಹೇಳುವುದಕ್ಕೂ ಅದಕ್ಕೆ ಆಗುವುದಿಲ್ಲ.

ಈಗ ಮೂರು ಪ್ರಶ್ನೆ. ಕೂಸನ್ನು ಎದೆಗೆ ಇಟ್ಟುಕೊಂಡು ಆಮೇಲೆ ಕಟ್ಟುತ್ತೀಯೋ, ಅಥವಾ ಪೂರ್ತಿ ಕಟ್ಟಿ ಆಮೇಲೆ ಕೂರಿಸುತ್ತೀಯೋ? ಬಟ್ಟೆ ಅಗಲಕ್ಕೆ ಮಾತ್ರ ಹಿಗ್ಗುತ್ತದೋ, ಉದ್ದಕ್ಕೂ ಹಿಗ್ಗುತ್ತದೋ? ಕೂಸಿನ ಕುಂಡಿಯ ಕೆಳಗೆ ಎಷ್ಟು ಪದರ ಬರುತ್ತಿದೆ?

ಕೇಶ್ವಾಪುರದ ಬಾಣಂತಿ:

ಮೊದಲೇ ಕಟ್ಟಿ ಆಮೇಲೆ ಕೂರಿಸುತ್ತೇನೆ ಅಕ್ಕಾ. ಅವನಿಗೆ ಉಸಿರಾಡಲು ಜಾಗ ಬೇಕಲ್ಲ ಅಂತ ಕೈ ಹೋಗುವಷ್ಟು ಸಡಿಲ ಬಿಡುತ್ತೇನೆ. ಬಟ್ಟೆ ಎರಡೂ ಕಡೆ ಹಿಗ್ಗುತ್ತದೆ. ಪದರದ ಬಗ್ಗೆ ಈಗ ಕನ್ನಡಿಯಲ್ಲಿ ನೋಡಿದೆ. ಮುಂದಿನ ಅಡ್ಡ ಪಟ್ಟಿಯೊಂದೇ ಅಗಲವಾಗಿದೆ. ಹೆಗಲಿಂದ ಬರುವ ಎರಡು ಪಟ್ಟಿಗಳು ಸುರುಳಿ ಸುತ್ತಿಕೊಂಡು ಕಾಲುಗಳ ನಡುವೆ ಸೇರಿಬಿಟ್ಟಿವೆ.

ಗದಗಿನ ಅಕ್ಕ:

ಹಾಗಾದರೆ ಬಟ್ಟೆಯನ್ನು ಬೈಯುವುದು ಬೇಡ. ಆದರೂ ಒಮ್ಮೆ ನೋಡಿಕೋ. ಒಂದು ಗೇಣು ಬಟ್ಟೆಯನ್ನು ಎರಡೂ ಕೈಯಿಂದ ಜೋರಾಗಿ ಎಳೆದು ಬಿಡು. ತಕ್ಷಣ ಮೊದಲಿನ ಅಳತೆಗೆ ಬಂದರೆ ಲೈಕ್ರಾ, ಅಂದರೆ ಹಿಗ್ಗುವ ಎಳೆ, ಗಟ್ಟಿ ಇದೆ ಅಂತ. ಅಲೆಅಲೆಯಾಗಿ ಜೋತುಬಿದ್ದರೆ ಅದರ ಕೆಲಸ ಮುಗಿದಿದೆ. ಬೆಳಕಿಗೆ ಹಿಡಿದು ತೂತು, ಎಳೆ ಬಿಟ್ಟಿರುವುದು ಇದೆಯಾ ಅಂತಲೂ ನೋಡು.

ಉಸಿರಿಗೆ ಜಾಗ ಬಿಡುವ ವಿಷಯ. ಇದನ್ನು ಸುಮಾರು ಎಲ್ಲರೂ ಹೀಗೇ ಯೋಚಿಸುತ್ತಾರೆ, ಆದರೆ ಆಗುವುದು ಉಲ್ಟಾ. ಸಡಿಲ ಇದ್ದರೇ ಕೂಸು ಕುಸಿಯುವುದು, ಬೆನ್ನು ಬಾಗುವುದು, ಗದ್ದ ಎದೆಗೆ ಬರುವುದು. ಬಟ್ಟೆ ಮೈಗೆ ಹತ್ತಿ ಹಿಡಿದರೆ ಬೆನ್ನಿಗೆ ಆಸರೆ ಸಿಗುತ್ತದೆ, ಗದ್ದ ಮೇಲೆ ಇರುತ್ತದೆ, ಉಸಿರು ಸಲೀಸು. ಕೂಸಿಗೆ ಬೇಕಾದ ಜಾಗವನ್ನು ನೀನು ಬಿಡಬೇಕಿಲ್ಲ. ಹಿಗ್ಗುವ ಬಟ್ಟೆ, ಅದೇ ಕೊಡುತ್ತದೆ. ನಿನ್ನದು ಎರಡೂ ಕಡೆ ಹಿಗ್ಗುವುದರಿಂದ ಇನ್ನೂ ಬಿಗಿಯಾಗಿಯೇ ಕಟ್ಟಬೇಕು. ಕೂಸು ಇಲ್ಲದೆ ಕಟ್ಟಿ ನಿಂತಾಗ ಸರಿಯಳತೆಯ ಬನಿಯನ್ ಹಾಕಿದಂತೆ ಇರಬೇಕು.

ಕಟ್ಟುವುದು ಹೀಗೆ. ಬಟ್ಟೆಯ ನಡುಭಾಗ ಎದೆಯ ಮೇಲೆ ಅಡ್ಡಕ್ಕೆ, ಮೇಲಂಚು ಬಗಲಿನ ಮಟ್ಟಕ್ಕೆ. ಎರಡೂ ತುದಿ ಬೆನ್ನ ಹಿಂದೆ ಒಂದರ ಮೇಲೊಂದು ದಾಟಿಸಿ ಹೆಗಲ ಮೇಲಿಂದ ಮುಂದಕ್ಕೆ ತಾ. ಆ ಎರಡನ್ನೂ ಅಡ್ಡ ಪಟ್ಟಿಯ ಒಳಗಿಂದ ಕೆಳಕ್ಕೆ ಇಳಿಸು. ಇಲ್ಲಿ ನಿಲ್ಲು. ಬಿಗಿ ಮಾಡುವುದು ಈ ಹಂತದಲ್ಲೇ, ಕೊನೆಯ ಗಂಟಿನಲ್ಲಲ್ಲ. ಒಂದೊಂದೇ ಪಟ್ಟಿಯನ್ನು ಕೆಳಕ್ಕೆ ಎಳೆದು ಬೆನ್ನಿನ ಸಡಿಲವನ್ನೆಲ್ಲ ಮುಂದಕ್ಕೆ ತಂದುಕೋ. ಬೆನ್ನಲ್ಲಿ ಸಡಿಲ ಹಾಗೇ ಉಳಿದಿದ್ದರೆ ಗಂಟು ಎಷ್ಟು ಬಿಗಿದರೂ ನಡೆಯುತ್ತಾ ನಡೆಯುತ್ತಾ ಅದು ಮುಂದಕ್ಕೆ ಬಂದೇ ಬರುತ್ತದೆ. ನಿನಗೆ ಆಗುತ್ತಿರುವುದು ಇದೇ. ಆಮೇಲೆ ಎರಡನ್ನೂ ಹೊಟ್ಟೆಯ ಮುಂದೆ ದಾಟಿಸಿ, ಸೊಂಟ ಸುತ್ತಿ ಹಿಂದೆ ಅಥವಾ ಪಕ್ಕಕ್ಕೆ ಎರಡು ಗಂಟು ಹಾಕು.

ಈಗ ಕೂಸು. ತೇಗು ಬರಿಸುವಾಗ ಹಿಡಿಯುತ್ತೀಯಲ್ಲ, ಹಾಗೆ ಹೆಗಲಿಗೆ ಹಾಕಿಕೋ. ಎರಡು ಹೆಗಲ ಪಟ್ಟಿಗಳಲ್ಲಿ ನಿನ್ನ ಮೈಗೆ ಹತ್ತಿರ ಇರುವುದು ಯಾವುದು ನೋಡು. ಒಂದು ಕಾಲನ್ನು ಮೊದಲು ಅದರೊಳಗೆ ತೂರಿಸು, ಪಟ್ಟಿಯನ್ನು ಒಂದು ಮೊಣಕಾಲಿಂದ ಇನ್ನೊಂದು ಮೊಣಕಾಲಿನವರೆಗೆ, ಕುಂಡಿಯ ಕೆಳಗಿಂದ ಕತ್ತಿನವರೆಗೆ ಬಿಡಿಸು. ಆಮೇಲೆ ಎರಡನೇ ಪಟ್ಟಿ, ಅದೇ ರೀತಿ. ಕೊನೆಗೆ ಅಡ್ಡ ಪಟ್ಟಿಯನ್ನು ಎರಡೂ ಕಾಲಿನ ಕೆಳಗಿಂದ ಮೇಲೆಳೆದು ಬೆನ್ನಿಗೆ ಹೊದಿಸು. ಕಾಲು ಹೊರಗೆ ಇರಲಿ. ಒಟ್ಟು ಮೂರು ಪದರ. ಸ್ಟ್ರೆಚಿ ಬಟ್ಟೆಗೆ ಮೂರಕ್ಕಿಂತ ಕಡಿಮೆ ನಡೆಯುವುದಿಲ್ಲ. ನಿನ್ನದರಲ್ಲಿ ಹೆಚ್ಚುಕಡಿಮೆ ಒಂದೇ ಪದರ 5 ಕೆಜಿ ಹೊತ್ತಿದೆ, ಜಾರದೆ ಇನ್ನೇನು?

ಹಾಕಿಕೊಂಡ ಮೇಲೆ ಕೂಸಿನ ಬೆನ್ನಿಗೆ ಕೈಯಿಟ್ಟು ಸ್ವಲ್ಪ ಮುಂದಕ್ಕೆ ಬಾಗು. ಅದರ ಎದೆ ನಿನ್ನ ಎದೆಯಿಂದ ದೂರ ಹೋದರೆ ಸಡಿಲ ಅಂತ ಅರ್ಥ, ಬಿಚ್ಚಿ ಮತ್ತೆ ಕಟ್ಟು. ತಲೆ ಬಗ್ಗಿಸಿದರೆ ನೆತ್ತಿಗೆ ಮುತ್ತು ಕೊಡಲು ಬರಬೇಕು. ಗದ್ದದ ಕೆಳಗೆ ಎರಡು ಬೆರಳು ಹಿಡಿಸಬೇಕು. ಮುಖ ಯಾವಾಗಲೂ ಕಾಣುತ್ತಿರಬೇಕು.

ಹಾವೇರಿ ಅಪ್ಪ:

ಅಕ್ಕಾರು ಎಲ್ಲ ಹೇಳಿದ್ದಾರೆ, ನಾನು ಹೆಗಲಿನ ಬಗ್ಗೆ ಮಾತ್ರ ಸೇರಿಸುತ್ತೇನೆ. ನಮ್ಮ ಮನೆಯಲ್ಲಿ ಮಗಳನ್ನು ಕಟ್ಟಿಕೊಂಡು ಓಡಾಡಿಸುವುದು ನನ್ನ ಪಾಳಿ. ಪಟ್ಟಿ ಕತ್ತಿನ ಬುಡದಲ್ಲಿ ಸುರುಳಿಯಾಗಿ ಕೂತರೆ ಹೆಗಲು ಸತ್ತೇಹೋಗುತ್ತದೆ. ಅದನ್ನು ಅಗಲ ಮಾಡಿ ಹೆಗಲಿನ ಗುಂಡು ಭಾಗಕ್ಕೆ ಇಳಿಸಿ, ಅಂದರೆ ಬ್ಲೌಸಿನ ತೋಳು ಶುರುವಾಗುವ ಜಾಗಕ್ಕೆ. ಬೆನ್ನ ಮೇಲೆ ಪಟ್ಟಿಗಳು ದಾಟುವ ಜಾಗ ಕತ್ತಿಗೆ ಹತ್ತಿರ ಬರಬಾರದು, ನಡುಬೆನ್ನಿನಲ್ಲಿ ಚಪ್ಪಟೆಯಾಗಿ ಹರಡಿರಬೇಕು. ಇದನ್ನು ಒಬ್ಬರೇ ಮಾಡಲು ಕಷ್ಟ. ಯಜಮಾನರಿಗೆ ಹೇಳಿ, ಹಿಂದಿನಿಂದ ಬಿಡಿಸಲಿ, ಅಷ್ಟಾದರೂ ಕೆಲಸ ಮಾಡಲಿ.

ಸೊಂಟ ನೋವಿಗೆ ಕಾರಣ ಮಾತ್ರ ಕೂಸು ಕೆಳಗಿಳಿಯುವುದೇ. ಭಾರ ಹೊಕ್ಕಳ ಹತ್ತಿರ ಬಂದರೆ ನೀವು ಹಿಂದಕ್ಕೆ ವಾಲುತ್ತೀರಿ. ಮೇಲೆ ಕಟ್ಟಿದರೆ ಅದೂ ಹೋಗುತ್ತದೆ.

ಬಾರಾಕೊಟ್ರಿ ಧಾರವಾಡ:

ನನ್ನ ಮಗಳು ಚಿಕ್ಕವಳಿದ್ದಾಗ ನಾನು ಅಡ್ಡ ಮಲಗಿಸಿಕೊಂಡೇ ಹಾಲು ಕುಡಿಸುತ್ತಿದ್ದೆ, ಏನೂ ಆಗಲಿಲ್ಲ. ಇನ್ನು ಈ ಹೊಸೈರಿ ಯಾಕೆ ಬೇಕು? ಮನೆಯಲ್ಲಿ ಹಳೆಯ ಸೀರೆ ಇಲ್ವಾ? ಹಿಗ್ಗುವುದೂ ಇಲ್ಲ, ಜಾರುವುದೂ ಇಲ್ಲ.

ಎನ್‌ಐಸಿಯು ಸಿಸ್ಟರ್:

ಬಾರಾಕೊಟ್ರಿಯವರೇ, ಬೇಜಾರು ಮಾಡಿಕೊಳ್ಳಬೇಡಿ. ರ‍್ಯಾಪ್‌ನಲ್ಲಿ ಅಡ್ಡ ಮಲಗಿಸುವುದನ್ನು ನಾನು ಒಪ್ಪುವುದಿಲ್ಲ. ಬಟ್ಟೆಯೊಳಗೆ ಮಲಗಿದ ಕೂಸು ಬಿಲ್ಲಿನ ಆಕಾರಕ್ಕೆ ಬರುತ್ತದೆ, ಗದ್ದ ಎದೆಗೆ ಒತ್ತುತ್ತದೆ, ಮೂಗು ನಮ್ಮ ಮೈಗೋ ಬಟ್ಟೆಗೋ ಒತ್ತಬಹುದು. ನಾಲ್ಕು ತಿಂಗಳ ಒಳಗಿನ ಕೂಸುಗಳಿಗೆ ಈ ಅಪಾಯ ಜಾಸ್ತಿ. ಹಾಲು ಕುಡಿಸಬೇಕಾದರೆ ಗಂಟು ಸಡಿಲಿಸಿ, ಕೂಸನ್ನು ನೆಟ್ಟಗೆ ಇಟ್ಟುಕೊಂಡೇ ಸ್ವಲ್ಪ ಕೆಳಗಿಳಿಸಿ, ಒಂದು ಕೈಯನ್ನು ತಲೆಗೆ ಆಸರೆ ಕೊಟ್ಟು ಕುಡಿಸಿ. ಮುಗಿದ ಕೂಡಲೇ ಮತ್ತೆ ಮೇಲೆ. ಬಾಯಲ್ಲಿ ಮೊಲೆ ಇರುವಾಗಲೇ ನಿದ್ದೆ ಹೋದರೆ ಹಾಗೇ ಬಿಟ್ಟು ಕೆಲಸಕ್ಕೆ ಹೊರಡಬೇಡಿ. ನನ್ನನ್ನು ಕೇಳಿದರೆ, ಹೊಸದರಲ್ಲಿ ಹೊರಗೆ ತೆಗೆದು ಕುಡಿಸುವುದೇ ಸುಲಭ.

ನೆಟ್ಟಗೆ ಎದೆಗೆ ಅವಚಿ ಇಡುವುದು ಹೊಸದೇನಲ್ಲ. ನಮ್ಮ ಎನ್‌ಐಸಿಯುನಲ್ಲಿ, ಅಂದರೆ ನವಜಾತ ಕೂಸುಗಳ ತೀವ್ರ ನಿಗಾ ವಾರ್ಡಿನಲ್ಲಿ, ತೂಕ ಕಡಿಮೆ ಇರುವ ಕೂಸುಗಳಿಗೆ ಕಾಂಗರೂ ಆರೈಕೆ ಅಂತ ದಿನಾ ಮಾಡಿಸುತ್ತೇವೆ. 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಇದ್ದಾಗ ಶುರುವಾಗಿದ್ದು ಅದು. ಈಗ ವಿಶ್ವ ಆರೋಗ್ಯ ಸಂಸ್ಥೆಯೇ 2022ರಿಂದ ಹುಟ್ಟಿದ ಕೂಡಲೇ ಶುರುಮಾಡಿ ಅನ್ನುತ್ತದೆ. ಅಲ್ಲೂ ಕೂಸು ನೆಟ್ಟಗೇ ಇರುತ್ತದೆ, ತಲೆ ಒಂದು ಪಕ್ಕಕ್ಕೆ, ಕಾಲು ಮಡಚಿ ಅಗಲವಾಗಿ. ಆದರೆ ಅವಧಿಗೆ ಮೊದಲೇ ಹುಟ್ಟಿದ ಅಥವಾ ತೂಕ ಕಡಿಮೆ ಇರುವ ಕೂಸನ್ನು ಡಾಕ್ಟರನ್ನು ಕೇಳದೆ ಮನೆಯಲ್ಲಿ ರ‍್ಯಾಪ್‌ಗೆ ಹಾಕಬೇಡಿ.

ಅತ್ತೆಯವರಿಗೆ ಹೇಳಿ, ಕಾಲು ಸೊಟ್ಟ ಆಗುವುದಿಲ್ಲ. ತೊಡೆ ಅಗಲಿಸಿ, ಮೊಣಕಾಲು ಕುಂಡಿಗಿಂತ ಸ್ವಲ್ಪ ಮೇಲಿದ್ದರೆ ತೊಡೆಯ ಕೀಲಿಗೆ ಅದೇ ಒಳ್ಳೆಯದು. ಕಾಲು ನೆಟ್ಟಗೆ ಎಳೆದು, ಎರಡನ್ನೂ ಜೋಡಿಸಿ ಬಿಗಿಯಾಗಿ ಸುತ್ತುತ್ತಾರಲ್ಲ, ಕೀಲಿಗೆ ತೊಂದರೆ ಅದರಿಂದ. ಸದ್ಯ ನಿಮ್ಮವನ ಕಾಲು ಜೋತಾಡುತ್ತಿರುವುದನ್ನು ನೋಡಿ ಅವರು ಗಾಬರಿಯಾಗಿದ್ದರೆ ಅದರಲ್ಲಿ ಅರ್ಥವಿದೆ.

ಬೆನ್ನಿಗೆ ಕಟ್ಟುವುದು ಸ್ಟ್ರೆಚಿಯಲ್ಲಿ ಬೇಡವೇ ಬೇಡ, ಕೂಸು ಎಷ್ಟೇ ದೊಡ್ಡದಾಗಿರಲಿ. ಕಾಲು ಒದ್ದು ಹಿಂದಕ್ಕೆ ಬಾಗಿದರೆ ಬಟ್ಟೆ ಹಿಗ್ಗಿ ಹೊರಗೆ ಬಿದ್ದುಬಿಡಬಹುದು, ನಿಮಗೆ ಕಾಣುವುದೂ ಇಲ್ಲ. ಮುಖ ಹೊರಗೆ ಮಾಡಿ ಕೂರಿಸುವುದೂ ಬೇಡ. ಒಲೆಯ ಮುಂದೆ ಯಾವ ರೀತಿ ಕಟ್ಟಿದರೂ ಬೇಡ. ಒಗ್ಗರಣೆ ಸಿಡಿಯುವುದು ಯಾರನ್ನೂ ಕೇಳಿ ಸಿಡಿಯುವುದಿಲ್ಲ.

ಗದಗಿನ ಅಕ್ಕ:

ಸಿಸ್ಟರ್ ಹೇಳಿದ್ದೇ ಸರಿ. ಸೀರೆಯ ವಿಷಯಕ್ಕೆ ಬಂದರೆ, ಹತ್ತಿ ಸೀರೆಯಲ್ಲಿ ಕಟ್ಟಲು ಬರುತ್ತದೆ, ಆದರೆ ಆ ಲೆಕ್ಕವೇ ಬೇರೆ. ನೇಯ್ದ ಬಟ್ಟೆ ಹಿಗ್ಗುವುದಿಲ್ಲವಾದ್ದರಿಂದ ಮೊದಲೇ ಕಟ್ಟಿ ಕೂರಿಸುವುದು ನಡೆಯುವುದಿಲ್ಲ. ಕೂಸನ್ನು ಎದೆಗೆ ಇಟ್ಟುಕೊಂಡು, ಅಂಚಿನಿಂದ ಅಂಚಿಗೆ ಮಡಿಕೆ ಮಡಿಕೆಯಾಗಿ ಎಳೆದು ಬಿಗಿ ಮಾಡಬೇಕು. ಕಲಿಯಲು ಹೊತ್ತು ಹಿಡಿಯುತ್ತದೆ. ರೇಷ್ಮೆ, ಸಿಂಥೆಟಿಕ್ ಜಾರುತ್ತವೆ. ಇಳಕಲ್ ಸೀರೆಗೆ ಸೆರಗನ್ನು ಕುಣಿಕೆ ಹಾಕಿ ಜೋಡಿಸಿರುತ್ತಾರೆ, ಆ ಜೋಡಣೆ ಕೂಸಿನ ಭಾರ ತಾಳುತ್ತದಾ ಅಂತ ಪರೀಕ್ಷೆ ಮಾಡಲು ನನಗಂತೂ ಮನಸ್ಸಿಲ್ಲ. ಹಳೆಯ ಸೀರೆ ಜೋಳಿಗೆಗೇ ಇರಲಿ.

ಮುಂದೆ ಕತ್ತು ನಿಂತು, ಸುತ್ತಲೂ ನೋಡುವ ಆಸೆ ಶುರುವಾದ ಮೇಲೆ ಬಗಲಿಗೆ ಕೂರಿಸಿಕೊಳ್ಳಬಹುದು. ಪಟ್ಟಿ ದಾಟುವ ಜಾಗವನ್ನು ಎದೆಯ ನಡುವಿನಿಂದ ಪಕ್ಕಕ್ಕೆ ಸರಿಸಿ, ಸೊಂಟದ ಮೇಲೆ ಕೂರಿಸುವುದು. ಅಲ್ಲೂ ಮೂರು ಪದರ. ಆದರೆ ಅಷ್ಟರಲ್ಲಿ ತೂಕ 7-8 ಕೆಜಿ ಆಗಿರುತ್ತದೆ, ಹೆಜ್ಜೆ ಹೆಜ್ಜೆಗೂ ಬಟ್ಟೆ ಕುಲುಕುತ್ತದೆ. ಪ್ಯಾಕೆಟ್ ಮೇಲೆ 15 ಕೆಜಿವರೆಗೂ ಅಂತ ಬರೆದಿದ್ದರೂ ನಮ್ಮ ಸೊಂಟ ಒಪ್ಪುವುದಿಲ್ಲ. ಆಗ ನೇಯ್ದ ಬಟ್ಟೆಯ ರಿಂಗ್ ಸ್ಲಿಂಗ್ ತೆಗೆದುಕೋ, ಅಂದರೆ ಎರಡು ಬಳೆಗಳಲ್ಲಿ ತೂರಿಸಿ ಒಂದೇ ಹೆಗಲಿಗೆ ಹಾಕಿಕೊಳ್ಳುವ ಪಟ್ಟಿ.

ಕೇಶ್ವಾಪುರದ ಬಾಣಂತಿ:

ಅಕ್ಕಾ, ಹಿಡಿದು ನೋಡಿದೆ, ಬಟ್ಟೆ ಗಟ್ಟಿಯೇ ಇದೆ. ನೀವು ಹೇಳಿದಂತೆ ಬೆನ್ನಿನ ಸಡಿಲ ಎಳೆದುಕೊಂಡು ಕಟ್ಟಿದೆ, ಮೂರೂ ಪದರ ಬಿಡಿಸಿದೆ. ಕೂರಿಸುವಾಗ ಇಷ್ಟು ಬಿಗಿಯಲ್ಲಿ ಹಿಡಿಸುತ್ತಾನಾ ಅನ್ನಿಸಿತು, ಆದರೆ ಹಿಡಿಸಿದ. ಓಣಿಯ ತುದಿವರೆಗೆ ಹೋಗಿ ಬಂದೆ, ಜಾರಿಲ್ಲ. ಸೊಂಟ ನೋವೂ ಇಲ್ಲ. ಅತ್ತೆ ಮೊಣಕಾಲು ಮುಟ್ಟಿ ನೋಡಿ ಏನೂ ಅನ್ನದೆ ಹೋದರು, ಅದೇ ದೊಡ್ಡದು.

ಎರಡು ಉಳಿದಿವೆ. ನಿದ್ದೆ ಹೋದರೆ ತಲೆ ಪಕ್ಕಕ್ಕೆ ವಾಲುತ್ತದೆ. ಮತ್ತೆ ಬೆವರು. ಬೆನ್ನೆಲ್ಲ ಒದ್ದೆ. ಈಗಲೇ ಹೀಗೆ, ಇನ್ನು ಏಪ್ರಿಲ್‌ನಲ್ಲಿ?

ಎನ್‌ಐಸಿಯು ಸಿಸ್ಟರ್:

ತಲೆಗೆ, ಒಂದು ಹೆಗಲ ಪಟ್ಟಿಯ ಅಂಚನ್ನು ತಲೆಯ ಹಿಂಭಾಗಕ್ಕೆ ಕಿವಿಯ ಮಟ್ಟದವರೆಗೆ ಎಳೆದು ಆಸರೆ ಕೊಡಿ. ಒಂದೇ ಕಡೆ, ಮುಖ ತಿರುಗಿರದ ಕಡೆ. ಇಲ್ಲವಾದರೆ ತೆಳು ಬಟ್ಟೆಯ ಚಿಕ್ಕ ಸುರುಳಿಯನ್ನು ಅಡ್ಡ ಪಟ್ಟಿಯ ಮೇಲಂಚಿನಲ್ಲಿ ಮಡಚಿ ಕತ್ತಿನ ಹಿಂದೆ ಇಡಿ. ಮುಖದ ಮೇಲೆ ಸೆರಗು, ದುಪಟ್ಟಾ ಯಾವುದೂ ಬೇಡ, ಬಿಸಿಲಿದ್ದರೂ ಬೇಡ. ಕೊಡೆ ಹಿಡಿಯಿರಿ.

ಬೆವರಿಗೆ, ಮೂರು ಪದರ ಹೊಸೈರಿಯನ್ನೇ ಬಟ್ಟೆ ಅಂತ ಲೆಕ್ಕ ಹಾಕಿ. ಒಳಗೆ ಒಂದು ತೆಳು ಹತ್ತಿ ಝಬಲಾ ಸಾಕು. ಕುಂಚಿಗೆ, ಕಾಲುಚೀಲ, ಸ್ವೆಟರ್ ಎಲ್ಲ ತೆಗೆಯಿರಿ. ಕತ್ತಿನ ಹಿಂದೆ ಬೆರಳಿಟ್ಟು ನೋಡುತ್ತಿರಿ. ಬಿಸಿಯಾಗಿ ಒದ್ದೆಯಿದ್ದರೆ ಹೊರಗೆ ತೆಗೆದು ಗಾಳಿಗೆ ಮಲಗಿಸಿ, ಹಾಲು ಕುಡಿಸಿ. ಏಪ್ರಿಲ್‌ನಲ್ಲಿ ನಮ್ಮ ಕಡೆ ಮಧ್ಯಾಹ್ನ 37 ಡಿಗ್ರಿ ಆಸುಪಾಸು ಹೋಗುತ್ತದೆ, ಆ ಹೊತ್ತಿನಲ್ಲಿ ಕಟ್ಟಿಕೊಳ್ಳಬೇಡಿ. ಜ್ವರ ಇರುವಾಗಲೂ ಬೇಡ. ನಿಮಗೆ ಸಿಸೇರಿಯನ್ ಆಗಿದ್ದರೆ ಗಂಟು ಹೊಲಿಗೆಯ ಮೇಲೆ ಬರದಂತೆ ನೋಡಿಕೊಳ್ಳಿ, ಎಳೆದ ಹಾಗೆ ಅನ್ನಿಸಿದರೆ ಡಾಕ್ಟರನ್ನು ಕೇಳಿ.

ಹಾವೇರಿ ಅಪ್ಪ:

ಒಗೆಯುವುದು ಯಾರೂ ಹೇಳಲಿಲ್ಲ. ತಣ್ಣೀರು, ಸಾದಾ ಸೋಪು. ಕಂಫರ್ಟ್ ಥರದ್ದು ಹಾಕಬೇಡಿ. ಹಿಂಡಿ ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದ ಎಳೆದುಕೊಳ್ಳುತ್ತದೆ. ನೆರಳಲ್ಲಿ ಚಾಪೆಯ ಮೇಲೆ ಹರಡಿ. ಮತ್ತೆ, ಸ್ಕೂಟಿ ಮೇಲೆ ರ‍್ಯಾಪ್‌ನಲ್ಲಿ ಕೂಸು ಕಟ್ಟಿಕೊಂಡು ಹೋಗುವವರನ್ನು ನೋಡಿದ್ದೇನೆ. ಅದು ಸೀಟ್ ಬೆಲ್ಟ್ ಅಲ್ಲ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲೂ ಕೂತೇ ಹೋಗಿ, ಒಂದು ಕೈ ಕೂಸಿನ ಮೇಲಿರಲಿ.

ಕೇಶ್ವಾಪುರದ ಬಾಣಂತಿ:

ಎಲ್ಲರಿಗೂ ಥ್ಯಾಂಕ್ಸ್. ಹೊಸ ಸುದ್ದಿ ಏನಂದರೆ ಅತ್ತೆಯವರೇ ಈಗ "ನನಗೂ ಕಟ್ಟು" ಅನ್ನುತ್ತಿದ್ದಾರೆ. ಅವರು ಸೀರೆ ಉಡುವವರು. ಆಗುತ್ತಾ?

ಗದಗಿನ ಅಕ್ಕ:

ಧಾರಾಳವಾಗಿ. ಹತ್ತಿ ಸೀರೆ ಇರಲಿ, ಜಾರುವ ಸೀರೆಯ ಮೇಲೆ ಪಟ್ಟಿ ನಿಲ್ಲುವುದಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೊದಲು ಚಪ್ಪಟೆ ಮಾಡು, ಪಿನ್ ಹಾಕಿದ್ದರೆ ತೆಗೆ. ತಾಳಿ, ಸರ ಬೆನ್ನ ಕಡೆಗೆ ಸರಿಸಲಿ, ಕೂಸಿನ ಕೆನ್ನೆಗೆ ಒತ್ತಬಾರದು. ಅವರು ನಿನಗಿಂತ ತೆಳ್ಳಗಿದ್ದರೆ ನಿನ್ನ ಅಳತೆಗೆ ಕಟ್ಟಿದ್ದನ್ನೇ ಅವರಿಗೆ ಹಾಕಬೇಡ, ಬಿಚ್ಚಿ ಮೊದಲಿಂದ ಕಟ್ಟು. ಮೊದಲ ಸಲ ಮಂಚದ ಪಕ್ಕ ನಿಲ್ಲಿಸಿ ಕೂರಿಸು, ನಿನ್ನ ಕೈ ಕೂಸಿನ ಕೆಳಗೇ ಇರಲಿ.