ಮಗ್ ಮೇಲೆ ಅಲ್ಲಲ್ಲಿ ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ನಿಂತಿಲ್ಲ, ಹಿಡಿಯೂ ಬಿರುಕು ಬಿಟ್ಟಿದೆ. ಎಲ್ಲಿ ತಪ್ಪಿದೆ?

ಹೊಸಕೈ:
ಎರಡು ತಿಂಗಳಿಂದ ಶನಿವಾರದ ಸೆರಾಮಿಕ್ಸ್ ಕ್ಲಾಸಿಗೆ ಹೋಗುತ್ತಿದ್ದೇನೆ. ಚಕ್ರ ಇನ್ನೂ ಮುಟ್ಟಿಲ್ಲ, ಬರೀ ಕೈಯಲ್ಲೇ ಕೆಲಸ. ಕೋಡುಬಳೆಗೆ ಹೊಸೆಯುವ ಹಾಗೆ ಮಣ್ಣು ಹೊಸೆದು, ಸುತ್ತಿನ ಮೇಲೆ ಸುತ್ತು ಇಟ್ಟು ಒಂದು ಕಾಫಿ ಮಗ್ ಮಾಡಿದೆ. ಸ್ಟೋನ್‌ವೇರ್ ಮಣ್ಣು, ಹೆಚ್ಚು ಶಾಖಕ್ಕೆ ಸುಡುವಂಥದ್ದು. ಬಿಸ್ಕ್, ಅಂದರೆ ಗ್ಲೇಜ್‌ಗೆ ಮುಂಚಿನ ಮೊದಲ ಸಲ, ಸುಟ್ಟಿದ್ದು 1000 ಡಿಗ್ರಿಗೆ, ಬಿಳಿ ಗ್ಲೇಜ್‌ನಲ್ಲಿ ಅದ್ದಿ ಮತ್ತೆ ಸುಟ್ಟಿದ್ದು 1220ಕ್ಕೆ. ಮಣ್ಣು ಸುಡುವ ಗೂಡಾದ ಕಿಲ್ನ್‌ನಿಂದ ತೆಗೆದಾಗ ನೋಡಿದರೆ ನಾಲ್ಕೈದು ಕಡೆ ಗ್ಲೇಜ್ ಹಿಂದೆ ಸರಿದು ಮಣ್ಣು ಕಾಣುತ್ತಿದೆ, ಅಂಚು ಉಬ್ಬಿಕೊಂಡಿದೆ. ಹಿಡಿ ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು. ಅದೇ ಬಕೆಟ್‌ನಲ್ಲಿ ಅದ್ದಿದ ಬೇರೆಯವರ ಮಗ್‌ಗಳು ಮಾತ್ರ ಚೆನ್ನಾಗಿವೆ. ಹೊಟ್ಟೆ ಉರಿಯಿತು.

ಆವಿಗೆಬೂದಿ:
ಬೇರೆಯವರದು ಸರಿ ಇದೆ ಅಂದರೆ ಬಕೆಟ್ಟನ್ನು ಬೈಯುವ ಹಾಗಿಲ್ಲ. ಇದಕ್ಕೆ ಕ್ರಾಲಿಂಗ್ ಅನ್ನುತ್ತಾರೆ. ಸಾಮಾನ್ಯವಾಗಿ ಧೂಳು, ಜಿಡ್ಡು, ಇಲ್ಲವೇ ಗ್ಲೇಜ್ ತೀರಾ ದಪ್ಪ ಆಗಿರುವುದು ಕಾರಣ. ಒಂದು ಕೆಲಸ ಮಾಡಿ. ಬೋಳಾದ ಜಾಗದ ಮೇಲೆ ಬೆರಳಿಟ್ಟು ನೋಡಿ. ಒಂದು ಕಡೆ ಹೆಬ್ಬೆರಳು, ಇನ್ನೊಂದು ಕಡೆ ಉಳಿದ ಬೆರಳು ಕೂರುತ್ತವಾ?

ಹೊಸಕೈ:
ಅಯ್ಯೋ, ಹೌದು! ಅಚ್ಚು ಒತ್ತಿದ ಹಾಗೆ ಕೂರುತ್ತಿವೆ. ಅದ್ದುವಾಗ ಇಕ್ಕಳದಲ್ಲೇ ಹಿಡಿದಿದ್ದೆ. ಆದರೆ ಮಣ್ಣು ಕೈ ಒಣಗಿಸುತ್ತೆ ಅಂತ ಕ್ಲಾಸಿಗೆ ಮುಂಚೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತೇನೆ...

ಆವಿಗೆಬೂದಿ:
ಸಿಕ್ಕಿಬಿದ್ದ ಕಳ್ಳ. ಬಿಸ್ಕ್ ಆದ ಮಣ್ಣು ನೀರು ಹೀರುತ್ತದೆ, ಅದಕ್ಕೇ ಗ್ಲೇಜ್ ಅದಕ್ಕೆ ಕಚ್ಚಿಕೊಳ್ಳುವುದು. ಎಣ್ಣೆ ಕುಡಿದ ಜಾಗ ನೀರು ಕುಡಿಯುವುದಿಲ್ಲ. ಅಲ್ಲಿ ಗ್ಲೇಜ್ ಸುಮ್ನೆ ಮೇಲೆ ಕೂತಿರುತ್ತದೆ, ಕರಗುವಾಗ ಆಚೀಚೆ ಸರಿದುಬಿಡುತ್ತದೆ. ಒದ್ದೆ ಸ್ಪಂಜಿನಲ್ಲಿ ಒರೆಸಿದರೆ ಧೂಳು ಹೋಗುತ್ತದೆ, ಎಣ್ಣೆ ಹೋಗಲ್ಲ. ಆ ಕೈಯಲ್ಲಿ ಮುಟ್ಟಿದ ಬೇರೆ ಬಿಸ್ಕ್ ಇದ್ದರೆ ಗ್ಲೇಜ್ ಮಾಡುವ ಮುಂಚೆ ಇನ್ನೊಂದು ಸಲ ಬಿಸ್ಕ್ ಸುಡಿಸಿ, ಎಣ್ಣೆ ಉರಿದುಹೋಗುತ್ತದೆ. ಇನ್ನು ಮೇಲೆ ಎಣ್ಣೆ ಮನೆಗೆ ಹೋಗಿ ಹಚ್ಚಿಕೊಳ್ಳಿ.

ಹಸಿಮಣ್ಣು:
ನಡುವೆ ಬಾಯಿ ಹಾಕುತ್ತಿದ್ದೇನೆ. ಹಿಡಿ ಅಂಟಿಸುವಾಗ ಮಗ್ ಎಷ್ಟು ಒಣಗಿತ್ತು?

ಹೊಸಕೈ:
ಮಗ್ ಹಿಂದಿನ ವಾರದ್ದು, ಮುಚ್ಚಿಟ್ಟಿರಲಿಲ್ಲ, ಬಣ್ಣ ಬಿಳಿಚಿಕೊಂಡಿತ್ತು. ಹಿಡಿ ಆಗಷ್ಟೇ ಹೊಸೆದದ್ದು.

ಹಸಿಮಣ್ಣು:
ಅಷ್ಟೇ ಮತ್ತೆ. ಮಗ್ ಕುಗ್ಗಿ ಮುಗಿದಿತ್ತು, ಹಿಡಿ ಇನ್ನೂ ಕುಗ್ಗಬೇಕಿತ್ತು. ಆ ಎಳೆದಾಟದಲ್ಲಿ ಸಂದು ಬಿಟ್ಟುಕೊಂಡಿದೆ. ಎರಡೂ ಒಂದೇ ಹದದಲ್ಲಿರಬೇಕು: ಉಗುರು ಒತ್ತಿದರೆ ಗುರುತು ಬೀಳಬೇಕು, ಬೆರಳಿಗೆ ಅಂಟಬಾರದು. ಎರಡೂ ಕಡೆ ಹಳೆ ಫೋರ್ಕಿನಿಂದ ಅಡ್ಡಡ್ಡ ಗೀರಿ, ಅದೇ ಮಣ್ಣನ್ನು ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿಯಾಗಿ ಕಲಸಿ ಹಚ್ಚಿ, ಅಲುಗಾಡಿಸಿ ಒತ್ತಿ. ಬರೀ ನೀರು ಸಾಲದು. ಆಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ ಒಂದೆರಡು ದಿನ ಬಿಡಿ. ಹಿಡಿ ತೆಳ್ಳಗಿರುವುದರಿಂದ ಅದೇ ಮೊದಲು ಒಣಗುತ್ತದೆ, ಹಾಗಾಗಿ ಫ್ಯಾನ್ ಕೆಳಗಂತೂ ಇಡಲೇಬೇಡಿ.

ಹೊಸಕೈ:
ಈ ಮಗ್ ಗತಿ?

ಆವಿಗೆಬೂದಿ:
ಬೋಳು ಜಾಗಕ್ಕೆ ಗ್ಲೇಜ್ ಹಚ್ಚಿ ಮತ್ತೆ ಸುಡಬಹುದು, ಒಮ್ಮೊಮ್ಮೆ ಸರಿಹೋಗುತ್ತದೆ. ಹಿಡಿಯನ್ನು ಮಾತ್ರ ನಂಬಬೇಡಿ. ಬಿಸಿ ಕಾಫಿ ತುಂಬಿ ಎತ್ತಿದಾಗ ಕೈಯಲ್ಲಿ ಹಿಡಿ ಮಾತ್ರ ಉಳಿದೀತು.

ಹೊಸಕೈ:
ಹಾಗಾದರೆ ಬಚ್ಚಲಲ್ಲಿ ಬ್ರಶ್ ಹಾಕಿಡುತ್ತೇನೆ. ಶನಿವಾರ ಎಣ್ಣೆ ಇಲ್ಲದ ಕೈಯಲ್ಲಿ ಹೊಸದೊಂದು ಅದ್ದಿ, ಫೋಟೋ ಹಾಕುತ್ತೇನೆ.