ಅಪ್‌ಡೇಟ್: ಬೀಜಕ ಕಟ್ಟದ ಬ್ಯಾಸಿಲಸ್ ತಳಿಯಲ್ಲಿ ಕೆಟ್ಟಿದ್ದ ಜೀನ್ ಸಿಕ್ಕಿದೆ

ಹಸಿವಿಗೆ ಒಳಗಾದಾಗ ಕೋಶದ ಎರಡೂ ತುದಿಗಳಲ್ಲಿ ಅಡ್ಡಗೋಡೆ ಕಟ್ಟಿ, ಒಂದೂ ಬೀಜಕವನ್ನು (ಕಷ್ಟಕಾಲ ತಡೆಯುವ ಗಟ್ಟಿ, ಸುಪ್ತ ಕೋಶ) ಪೂರ್ಣಗೊಳಿಸದೆ ನಿಂತುಬಿಡುವ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾದ ತಳಿಯಲ್ಲಿ ಯಾವ ಜೀನ್ ಕೆಟ್ಟಿರಬಹುದೆಂದು ನಾನು ಕೇಳಿದ್ದೆ. ಗೋಡೆಯೇ ಮೂಡಿರುವುದರಿಂದ ಬೀಜಕ ಕಟ್ಟುವಿಕೆಯನ್ನು ಆರಂಭಿಸುವ ಸ್ಪೋ-ಸೊನ್ನೆ-ಎ ಪ್ರೋಟೀನ್ ಸರಿಯಾಗಿದೆ, ತಾಯಿಕೋಶದಲ್ಲಿ (ಗೋಡೆಯ ಆಚೆಗಿನ ದೊಡ್ಡ ಕೋಣೆ) ಜೀನ್‌ಗಳನ್ನು ಚಾಲೂ ಮಾಡುವ ಸಿಗ್ಮಾ-ಇ ಪ್ರೋಟೀನ್ ಎಚ್ಚರಗೊಂಡಿಲ್ಲ ಎಂದು ಇಲ್ಲಿ ಬಂದ ಉತ್ತರ ಸರಿಯಾಗಿತ್ತು. ಎರಡನೆಯ ಗೋಡೆಯನ್ನು ತಡೆಯುವ ಜೀನ್‌ಗಳು ಸಿಗ್ಮಾ-ಇ ಅಧೀನದಲ್ಲಿರುವುದೇ ಇದಕ್ಕೆ ಕಾರಣ.

ಯಾವ ಸಿಗ್ಮಾ ಕೆಲಸ ಮಾಡುತ್ತಿದೆ ಎಂದು ತೋರಿಸುವ ವರದಿಗಾರ ಜೀನ್‌ಗಳನ್ನು ಜೋಡಿಸಿ ನೋಡಿದಾಗ, ಬೀಜಕವಾಗಬೇಕಾದ ಚಿಕ್ಕ ಕೋಣೆಯಲ್ಲಿ ಅಲ್ಲಿನದೇ ಸಿಗ್ಮಾ ಪ್ರೋಟೀನ್ ಆದ ಸಿಗ್ಮಾ-ಎಫ್ ಕೆಲಸ ಮಾಡುತ್ತಿತ್ತು. ಸಿಗ್ಮಾ-ಇ ಮಾತ್ರ ಮೌನವಾಗಿತ್ತು. ಅನುಕ್ರಮ ಓದಿದಾಗ ಸ್ಪೋ-ಎರಡು-ಆರ್ ಜೀನ್‌ನ ನಡುವೆ ಅಕಾಲಿಕ ನಿಲುಗಡೆ ಸಂಕೇತ ಕಂಡಿತು. ಚಿಕ್ಕ ಕೋಣೆಯಲ್ಲಿ ತಯಾರಾಗಿ ಹೊರಬರುವ ಈ ಜೀನ್‌ನ ಪ್ರೋಟೀನ್, ಗೋಡೆಯ ಆಚೆಗಿನ ಸ್ಪೋ-ಎರಡು-ಜಿಎ ಎಂಬ ಪ್ರೋಟಿಯೇಸನ್ನು (ಪ್ರೋಟೀನ್ ಕತ್ತರಿಸುವ ಕಿಣ್ವ) ಪ್ರಚೋದಿಸಿ, ನಿಷ್ಕ್ರಿಯ ಸಿಗ್ಮಾ-ಇ ಪೂರ್ವರೂಪವನ್ನು ಕತ್ತರಿಸಿ ಚುರುಕುಗೊಳಿಸುತ್ತದೆ.

ಈ ಜೀನ್‌ನ ಸರಿಯಾದ ಪ್ರತಿಯನ್ನು ವರ್ಣತಂತುವಿನ ಅಮೈ-ಇ ಎಂಬ ನೆಲೆಯಲ್ಲಿ ಸೇರಿಸಿದ ಮೇಲೆ, 80 ಡಿಗ್ರಿ ಸೆಲ್ಸಿಯಸ್ ಶಾಖವನ್ನು 20 ನಿಮಿಷ ತಡೆಯುವ ಬೀಜಕಗಳು ಮರಳಿ ಬಂದವು. ಈ ನೆಲೆಯ ಆಯ್ಕೆ ಮುಖ್ಯವಾದುದು ಎಂಬುದು ನನ್ನ ಅಭಿಪ್ರಾಯ: ಗೋಡೆ ಮುಚ್ಚುವ ಹೊತ್ತಿಗೆ ವರ್ಣತಂತುವಿನ ಸುಮಾರು ಮೂರನೇ ಒಂದು ಭಾಗ, ಅದೂ ಡಿಎನ್ಎ ನಕಲಾಗುವುದು (ಪ್ರತಿಕರಣ) ಆರಂಭವಾಗುವ ಕಡೆಯದು, ಮಾತ್ರ ಚಿಕ್ಕ ಕೋಣೆಯೊಳಗಿರುತ್ತದೆ. ಅಮೈ-ಇ ಆ ಭಾಗದಲ್ಲಿಯೇ ಇದೆ. ಇದೇ ಜೀನನ್ನು ವರ್ಣತಂತುವಿನ ವಿರುದ್ಧ ಕಡೆಗೆ ಸಾಗಿಸಿದರೆ ಸಂದೇಶ ತಡವಾಗಿ, ಎರಡು ಗೋಡೆಗಳ ಕೋಶಗಳು ಹೆಚ್ಚುತ್ತವೆ. ದಾರಿ ತೋರಿದ ಎಲ್ಲರಿಗೂ ಕೃತಜ್ಞತೆಗಳು.